ಬುಕಿರ್ವಾ ಯಾಕೆ ತೆಳ್ಳಗಾದಳು

ದರ್ಜಿ ಬುಕಿರ್ವಾಳ ಅಂಗಡಿಗೆ ಬರುವ ಹೆಂಗಸರದು ಒಂದೇ ತಕರಾರು. ಹೋದ ವರ್ಷ ಹೊಲಿಸಿದ ಗೋಮೆಸಿ ನಿಲುವಂಗಿ ಈ ವರ್ಷ ತೋಳಿನಲ್ಲಿ ಹಿಡಿಯುತ್ತದೆ, ಎದೆಯಲ್ಲಿ ಹಿಡಿಯುತ್ತದೆ. ತಪ್ಪು ಯಾರದು ಎಂದರೆ ಸೋಪಿನದು. ಒಗೆದು ಒಗೆದು ಬಟ್ಟೆ ಕುಗ್ಗಿತು ಎನ್ನುತ್ತಾರೆ. ಬುಕಿರ್ವಾ ಹೂಂಗುಟ್ಟಿ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡುತ್ತಾಳೆ. ಮಸಾಕಾ ಪಟ್ಟಣಕ್ಕೆ ಹೋಗುವ ದಾರಿಯಲ್ಲಿರುವ ಕಿಟೂಂಡಾ ಪೇಟೆಯಲ್ಲಿ ದಪ್ಪಗಾಗುವುದು ನಾಚಿಕೆಯ ವಿಷಯವಲ್ಲ. ಬಹಳ ದಿನದ ಮೇಲೆ ಸಿಕ್ಕವರನ್ನು "ಮೈ ತುಂಬಿಕೊಂಡಿದ್ದೀಯ, ನೋಡಿ ಸಂತೋಷವಾಯ್ತು" ಎಂದೇ ಮಾತಾಡಿಸುವುದು.

ಬುಕಿರ್ವಾಳ ಮೈಯೂ ಹಾಗೇ ತುಂಬಿಕೊಂಡಿತ್ತು. ವಯಸ್ಸು ನಲವತ್ತೇಳು. ಬೆಳಗಿನಿಂದ ಸಂಜೆಯವರೆಗೆ ಹೊಲಿಗೆ ಮೆಷಿನ್ನಿನ ಮುಂದೆ ಕೂರುವ ಕೆಲಸ. ಪಕ್ಕದಲ್ಲಿ ಸಕ್ಕರೆ ಸುರಿದ ಚಹಾ, ಎಣ್ಣೆಯಲ್ಲಿ ಕರಿದ ಮಂದಾಜಿ. ಇತ್ತೀಚೆಗೆ ಬಾವಿಯ ದಿಬ್ಬ ಹತ್ತುವಾಗ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಒಂದು ಮಧ್ಯಾಹ್ನ ಸೂಜಿಗೆ ದಾರ ಪೋಣಿಸುತ್ತಿದ್ದಾಗ ತಲೆ ಗಿರ್ರೆಂದು ತಿರುಗಿ, ಮೆಷಿನ್ನಿನ ಮೇಲೆಯೇ ಹಣೆಯಿಟ್ಟು ಕುಳಿತುಬಿಟ್ಟಳು.

ಪಕ್ಕದಲ್ಲೇ ಟೊಮೆಟೊ, ಸೊಪ್ಪು ಮಾರುವ ನಂತಾಲೆ ಓಡಿಬಂದಳು. ನಂತಾಲೆ ಊರಿನ ಆರೋಗ್ಯ ತಂಡದ ಸ್ವಯಂಸೇವಕಿ ಕೂಡ. ಗುಂಡಗೆ ಗಟ್ಟಿಮುಟ್ಟಾದ ಹೆಂಗಸು, ದನಿಯೂ ಹಾಗೇ ಗಟ್ಟಿ. ಬುಕಿರ್ವಾಳನ್ನು ಕೈಹಿಡಿದು ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿ ರಕ್ತದೊತ್ತಡ ನೋಡಿದರು, ಹೆಚ್ಚಾಗಿತ್ತು. ಸಕ್ಕರೆ ನೋಡಿದರು, ಕಾಯಿಲೆಯ ಹೊಸ್ತಿಲಲ್ಲಿ ನಿಂತಿತ್ತು. ಒತ್ತಡಕ್ಕೆ ಮಾತ್ರೆ ಕೊಟ್ಟ ನರ್ಸಮ್ಮ, "ಮಾತ್ರೆ ಅರ್ಧ ಕೆಲಸ ಮಾಡ್ತದೆ. ಇನ್ನರ್ಧ ನೀವು ಮಾಡ್ಬೇಕು, ತೂಕ ಇಳಿಸ್ಬೇಕು. ಹೀಗೇ ಬಿಟ್ರೆ ಒಂದು ದಿನ ಅರ್ಧ ಮೈ ಬಿದ್ದುಹೋಗಬಹುದು" ಎಂದಳು.

ದಾರಿಯುದ್ದಕ್ಕೂ ಬುಕಿರ್ವಾ ಗೊಣಗುತ್ತಲೇ ಬಂದಳು.

"ಹುಟ್ಟಿದಾಗಿನಿಂದ ತಿಂದ ಮಟೋಕೆ ಈಗ ವಿಷ ಆಗೋಯ್ತಾ?"

"ಮಟೋಕೆ ಏನು ಪಾಪ ಮಾಡ್ತು?" ಎಂದಳು ನಂತಾಲೆ. "ಬಾಳೆಕಾಯಿ ಆಗಲೂ ಬಾಳೆಕಾಯಿ, ಈಗಲೂ ಬಾಳೆಕಾಯಿ. ಆಗ ನೀನು ತೋಟ ಅಗೀತಿದ್ದೆ, ನೀರು ಹೊರ್ತಿದ್ದೆ. ಈಗ ಕೂತಿರ್ತೀಯ. ಊಟ ಮಾತ್ರ ತೋಟ ಅಗಿಯೋಳ ಊಟ."

"ಕೂತಿದ್ರೂ ಕಾಲು ಆಡ್ತಾನೇ ಇರುತ್ತಲ್ಲ. ದಿನವೆಲ್ಲ ಮೆಷಿನ್ ತುಳೀತೀನಿ."

"ಪಾದ ಆಡ್ತದೆ ನ್ಯಾಬೋ ತಾಯಿ, ಕುಂಡೆ ಆಡಲ್ಲ."

ಬುಕಿರ್ವಾಳಿಗೆ ನಗು ತಡೆಯಲಾಗಲಿಲ್ಲ. ನಂತಾಲೆ ನಗಿಸಿದ ಮೇಲೇ ಬುದ್ಧಿ ಹೇಳುವವಳು. "ಉಪವಾಸ ಬೀಳು ಅಂತ ಯಾರೂ ಹೇಳ್ತಿಲ್ಲ. ಹಸಿದುಕೊಂಡು ತೆಳ್ಳಗಾದೋರು ತಿರುಗಿ ಅಷ್ಟೇ ದಪ್ಪ ಆಗ್ತಾರೆ. ತಟ್ಟೇಲಿ ಮಟೋಕೆ ಅರ್ಧ ಮಾಡು. ಆ ಜಾಗಕ್ಕೆ ಸೊಪ್ಪು, ಹುರುಳಿಕಾಯಿ, ಬದನೆ ಹಾಕು. ಬೀನ್ಸ್ ಕಾಳೋ, ಸರೋವರದ ಮೀನೋ ಒಂದು ಇರಲಿ. ಮೀನು ಕರೀಬೇಡ, ಬೇಯಿಸು. ಚಹಾಕ್ಕೆ ಸಕ್ಕರೆ ದಿನಾ ಒಂಚೂರು ಇಳಿಸು, ನಾಲಿಗೆ ತಾನಾಗೇ ಒಗ್ಗುತ್ತೆ. ಬೆಳಗ್ಗೆ ನನ್ನ ಜೊತೆ ನಡಿ, ಅರ್ಧ ಗಂಟೆ. ಮಾತಾಡೋಕೆ ಆಗ್ಬೇಕು, ಹಾಡೋಕೆ ಆಗಬಾರದು, ಅಷ್ಟು ಬಿರುಸಾಗಿ."

"ಹಾಡೋಕೆ ಮೊದಲೇ ಬರಲ್ಲ ಬಿಡು."

"ಗೊತ್ತು, ಚರ್ಚಲ್ಲಿ ಪಕ್ಕದಲ್ಲೇ ನಿಲ್ತೀನಲ್ಲ. ಆಮೇಲೆ ಆ ಗುದ್ದಲಿ ತುಕ್ಕು ಹಿಡೀತಿದೆ, ತೆಗಿ. ಈ ವಯಸ್ಸಲ್ಲಿ ಕೊಬ್ಬು ಸೊಂಟಕ್ಕೆ ಸೇರ್ತದೆ, ತೋಳಿನ ಬಲ ಸದ್ದಿಲ್ಲದೆ ಇಳೀತದೆ. ನಡೆದ್ರೆ ಸಾಲದು, ಭಾರ ಎತ್ತಬೇಕು, ನೆಲ ಅಗೀಬೇಕು."

ಮರುದಿನದಿಂದ ಇಬ್ಬರೂ ಬೆಳಗ್ಗೆ ನಡೆಯತೊಡಗಿದರು. ಇಬ್ಬನಿ ಆರುವ ಮುನ್ನ ಬಾಳೆತೋಟದ ಅಂಚಿನ ಕೆಂಪು ದಾರಿಯಲ್ಲಿ ಹೋಗಿ ಬರುತ್ತಿದ್ದರು. ಮೊದಮೊದಲು ಬುಕಿರ್ವಾ ಹೆಜ್ಜೆಗೊಂದು ನೆಪ ಹೇಳಿದಳು. ಚಪ್ಪಲಿ ಕಚ್ಚಿತು, ಮಂಡಿ ಹಿಡಿಯಿತು, ಯಾರದೋ ನಾಯಿ ನೋಡಿತು. ಮಿನಿ ಬಸ್ ಓಡಿಸುವ ಗಂಡ ಕವೂಮಾ, "ಎಲ್ಲಾದ್ರೂ ಹೋಗ್ಬೇಕಾದ್ರೆ ಹೇಳಬಾರದಾ, ನನ್ನ ಬಸ್ಸಲ್ಲಿ ಸೀಟಿದೆ" ಎಂದು ಕಾಲೆಳೆದ. ಆದರೂ ತಟ್ಟೆ ಬದಲಾಯಿತು, ಗುದ್ದಲಿ ಕೈಗೆ ಬಂತು. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಬುಕಿರ್ವಾ ಬಾವಿಯ ದಿಬ್ಬವನ್ನು ನಿಲ್ಲದೆ ಹತ್ತಿದಳು. ಆಸ್ಪತ್ರೆಯಲ್ಲಿ ಒತ್ತಡ ಇಳಿದಿತ್ತು, ಸಕ್ಕರೆ ಹೊಸ್ತಿಲಿನಿಂದ ಹಿಂದೆ ಸರಿದಿತ್ತು. ತನ್ನ ಬಟ್ಟೆಗಳ ಹೊಲಿಗೆ ಬಿಚ್ಚಿ ಸಡಿಲ ಮಾಡುತ್ತಿದ್ದವಳು ಈಗ ಬಿಗಿ ಮಾಡತೊಡಗಿದಳು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ನಮ್ಮ ಕಡೆ ತೆಳ್ಳಗಾಗುವುದು ಅಷ್ಟು ಸಲೀಸಲ್ಲ.

ಬುಕಿರ್ವಾಳಿಗೆ ಒಬ್ಬ ಅಕ್ಕ ಇದ್ದಳು, ನಕಿಬೂಕಾ ಅಂತ. ಬುಕಿರ್ವಾ ಇನ್ನೂ ಹುಡುಗಿಯಾಗಿದ್ದಾಗ ಆ ಅಕ್ಕ ಏಡ್ಸ್ ಬಂದು ಸತ್ತಳು. ಆಗ ಈ ಸೀಮೆಯವರು ಆ ಕಾಯಿಲೆಯನ್ನು ಅದರ ಹೆಸರಿನಿಂದ ಕರೆಯುತ್ತಿರಲಿಲ್ಲ, ಸ್ಲಿಮ್ ಎನ್ನುತ್ತಿದ್ದರು. ಮೈ ಕರಗುತ್ತಾ ಹೋಗುತ್ತಿತ್ತು, ಅದಕ್ಕೇ ಆ ಹೆಸರು. ಮಾತ್ರೆ ಇರಲಿಲ್ಲ. ಮನೆಗೊಂದು ಗೋರಿ ತೋಡಿದ ಕಾಲ ಅದು. ಆ ಕಾಲ ಕಂಡವರಿಗೆ ಈಗಲೂ ಯಾರದಾದರೂ ಕುತ್ತಿಗೆಯ ಮೂಳೆ ಎದ್ದು ಕಂಡರೆ ಎದೆ ಧಸಕ್ಕೆನ್ನುತ್ತದೆ.

ಬುಕಿರ್ವಾಳ ತಾಯಿ ಯೂನಿಯಾ ಅಜ್ಜಿ ಆ ಕಾಲ ಕಂಡವಳು. ದಿಬ್ಬದಾಚೆ ತನ್ನ ಬಾಳೆತೋಟದಲ್ಲಿ ಒಬ್ಬಳೇ ಹಾಯಾಗಿದ್ದಳು. ಬುಕಿರ್ವಾ ಪ್ರತಿ ಭಾನುವಾರ ಚರ್ಚು ಮುಗಿಸಿ ಅಲ್ಲಿಗೆ ಹೋಗುವುದು ವಾಡಿಕೆ. ಅಜ್ಜಿ ಬಾಳೆಲೆ ಬಿಚ್ಚಿ, ಹಬೆಯಾಡುವ ಮಟೋಕೆಯನ್ನು ಮಗಳ ತಟ್ಟೆಗೆ ಗುಡ್ಡ ಹಾಕಿ, ಮೇಲೆ ಕಡಲೆಕಾಯಿ ಸಾರು ಸುರಿದು, ಎದುರಿಗೆ ಕುಳಿತು ನೋಡುವಳು. ತಾಯಿ ಬಡಿಸಿದ್ದನ್ನು ಬಿಡುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಒಂದು ಭಾನುವಾರ ಅಜ್ಜಿ ಕೇಳಿದಳು, "ಮುಖ ಯಾಕೆ ಇಳಿದಿದೆ?"

"ಕೆಲಸ ಜಾಸ್ತಿ ಅಮ್ಮ. ಮದುವೆಗಳ ಕಾಲ."

"ಕವೂಮಾ ಊಟಕ್ಕೆ ತಂದುಹಾಕ್ತಾನೋ ಇಲ್ವೋ?"

"ಹಾಕ್ತಾರೆ ಅಮ್ಮ."

ಅಜ್ಜಿ ಮತ್ತೊಂದು ಮುದ್ದೆ ಮಟೋಕೆ ಹಾಕಿದಳು. ಅವಳ ಕಣ್ಣು ತನ್ನ ಕುತ್ತಿಗೆಯ ಮೂಳೆಯ ಮೇಲೇ ಇದ್ದುದನ್ನು ಬುಕಿರ್ವಾ ಕಂಡಳು. ಆಸ್ಪತ್ರೆಯಲ್ಲಿ ಹೇಳಿದ್ದಾರೆ, ಬೇಕೆಂದೇ ಇಳಿಸುತ್ತಿದ್ದೇನೆ ಎಂದು ಆಗಲೇ ಹೇಳಿಬಿಡಬಹುದಿತ್ತು. ಆದರೆ ಆಸ್ಪತ್ರೆ ಎಂಬ ಮಾತು ಕಿವಿಗೆ ಬಿದ್ದರೆ ಅಮ್ಮನ ಜೀವವೇ ಹೋದೀತು ಎಂದು ಹೆದರಿದಳು.

ಆಗಲೇ ಅವಳಿಗೆ ಆ ಉಪಾಯ ಹೊಳೆದದ್ದು. ಗೋಮೆಸಿಯ ಒಳಗೆ ಹೆಂಗಸರು ಕಿಕೋಯಿ ಎಂಬ ದಪ್ಪ ಹತ್ತಿಬಟ್ಟೆ ಸುತ್ತಿಕೊಳ್ಳುತ್ತಾರೆ. ಹಾಗೆ ಸುತ್ತಿದರೆ ಮೇಲಿನ ರೇಷ್ಮೆ ಮೈಗಂಟದೆ ಚೆಂದಾಗಿ ಇಳಿಯುತ್ತದೆ, ಸೊಂಟವೂ ತುಂಬಿದಂತೆ ಕಾಣುತ್ತದೆ. ಬುಕಿರ್ವಾ ಒಂದರ ಜಾಗದಲ್ಲಿ ಎರಡು ಸುತ್ತಿದಳು. ಇನ್ನಷ್ಟು ತೆಳ್ಳಗಾದಾಗ ಮೂರು ಸುತ್ತಿದಳು. ದರ್ಜಿಯ ಕೈ, ಎಲ್ಲಿ ಮಡಿಸಬೇಕು, ಎಲ್ಲಿ ಉಬ್ಬಿಸಬೇಕು ಎಂದು ಚೆನ್ನಾಗಿ ಬಲ್ಲದು. ವಾರವೆಲ್ಲ ತೆಳ್ಳಗಿದ್ದು ಭಾನುವಾರ ದಪ್ಪಗಾಗುತ್ತಿದ್ದಳು.

ನಂತಾಲೆಗೆ ಇದು ಗೊತ್ತಾಗಿ ಬೈದಳು. "ಒಳ್ಳೆ ಕೆಲಸ ಮಾಡಿ ಕಳ್ಳಿ ಥರ ಬಚ್ಚಿಡ್ತೀಯಲ್ಲ. ಹೋಗಿ ಹೇಳು."

"ಹೇಳ್ತೀನಿ. ಕೆಂಬಾಬಾಜಿಯ ಮದುವೆ ಮಾತು ಮುಗೀಲಿ."

ಕೆಂಬಾಬಾಜಿ ಎಂದರೆ ಕವೂಮಾನ ತಂಗಿಯ ಮಗಳು. ವರನ ಕಡೆಯವರನ್ನು ಮನೆಯವರಿಗೆ ಪರಿಚಯಿಸುವ ಕ್ವಂಜುಲಾ ಶಾಸ್ತ್ರ ಆ ಶನಿವಾರ ಇತ್ತು. ಯೂನಿಯಾ ಅಜ್ಜಿಯೂ ಬೆಳಿಗ್ಗೆಯೇ ಮಗಳ ಮನೆಗೆ ಬಂದಿಳಿದಳು. ಬುಕಿರ್ವಾ ಮೊದಲ ಗೋಮೆಸಿ ಉಟ್ಟ ದಿನದಿಂದ ದೊಡ್ಡ ಸಮಾರಂಭಕ್ಕೆ ಅವಳ ಸೊಂಟಪಟ್ಟಿ ಕಟ್ಟುವ ಕೈ ತಾಯಿಯದೇ. ಬುಕಿರ್ವಾ ಅದನ್ನು ಮರೆತಿರಲಿಲ್ಲ. ಅಮ್ಮ ಬರುವ ಮುನ್ನವೇ ಬಟ್ಟೆಗಳನ್ನು ಸುತ್ತಿ, ಮೇಲೆ ಗೋಮೆಸಿ ಉಟ್ಟು, ಪಟ್ಟಿ ಮಾತ್ರ ಬಾಕಿ ಉಳಿಸಿ ನಿಂತಿದ್ದಳು.

ಅಜ್ಜಿ ಪಟ್ಟಿಯನ್ನು ಸುತ್ತಿ ಎಳೆದಳು. ಅದು ಮೈಗೆ ಬಿಗಿಯದೆ ಮೆತ್ತಗೆ ಒಳಗೆ ಹೋಯಿತು. ಇನ್ನೊಮ್ಮೆ ಎಳೆದಳು, ಇನ್ನೂ ಒಳಗೆ ಹೋಯಿತು. ಪಟ್ಟಿ ಬಿಟ್ಟು ಗೋಮೆಸಿಯ ಪಕ್ಕದಿಂದ ಕೈ ಹಾಕಿ ಹುಡುಕಿದಳು. ಕಿಕೋಯಿಯ ತುದಿ ಸಿಕ್ಕಿತು. ಒಂದನ್ನು ಬಿಚ್ಚಿದಳು, ಒಳಗೆ ಇನ್ನೊಂದಿತ್ತು. ಅದನ್ನು ಬಿಚ್ಚಿದಳು, ಮತ್ತೊಂದಿತ್ತು. ಮೂರೂ ಕಾಲಬುಡದಲ್ಲಿ ಬಿದ್ದಾಗ ಬುಕಿರ್ವಾ ತೆಳ್ಳಗೆ ನಿಂತಿದ್ದಳು.

ಅಜ್ಜಿ ಕೂಗಾಡಲಿಲ್ಲ. ಬಟ್ಟೆಗಳನ್ನೇ ನೋಡುತ್ತಾ ಹಾಸಿಗೆಯ ಅಂಚಿನಲ್ಲಿ ಕುಳಿತಳು.

"ನಿಮ್ಮಕ್ಕ ಸ್ವೆಟರ್ ಹಾಕ್ಕೊಂಡು ಬರ್ತಿದ್ಲು" ಎಂದಳು. "ಒಂದರ ಮೇಲೊಂದು. ಬಿಸಿಲಲ್ಲೂ."

"ಅಮ್ಮ, ಇದು ಅದಲ್ಲ. ದೇವರಾಣೆ ಅದಲ್ಲ."

"ಅವಳೂ ಹೀಗೇ ಆಣೆ ಹಾಕಿದ್ಲು ಮಗಳೇ."

ಅಜ್ಜಿ ಸಮಾರಂಭಕ್ಕೆ ಬರಲಿಲ್ಲ. ಎದ್ದು ತನ್ನ ಮನೆಯ ದಾರಿ ಹಿಡಿದಳು. ಬುಕಿರ್ವಾ ಚಾಪೆಯ ಮೇಲೆ ಮಂಡಿಯೂರಿ ಬಂದವರಿಗೆಲ್ಲ ವಂದಿಸಿದಳು, ನಕ್ಕಳು. ಅಂದು ಯಾರು ಏನು ಮಾತಾಡಿದರು ಎಂದು ಕೇಳಿದರೆ ಒಂದೂ ಹೇಳಲಾರಳು.

ಮರುದಿನ ಅಜ್ಜಿ ಮಗಳ ಬಾಗಿಲಿಗೆ ಬಂದಳು. ತಲೆಯ ಮೇಲೆ ಸುತ್ತಿದ ಚಾಪೆ, ಕಂಕುಳಲ್ಲಿ ಕೋಳಿ. ಇನ್ನೊಂದು ಕೈಯಲ್ಲಿ ಅಂಚು ಸೀಳಿದ ಹಳೆಯ ನೀಲಿ ಬೇಸಿನ್. ಬುಕಿರ್ವಾಳಿಗೆ ಆ ಬೇಸಿನ್ನಿನ ಗುರುತು ಹತ್ತಿತು. ಕೊನೆಯ ದಿನಗಳಲ್ಲಿ ನಕಿಬೂಕಾಳ ಮೈ ತೊಳೆಯುತ್ತಿದ್ದುದು ಅದರಲ್ಲೇ. ಇಷ್ಟು ವರ್ಷ ಅಮ್ಮ ಅದನ್ನು ಎಸೆದಿರಲಿಲ್ಲ ಎಂದು ಅವಳಿಗೆ ತಿಳಿದೇ ಇರಲಿಲ್ಲ.

"ನಾನು ಇಲ್ಲೇ ಇರ್ತೀನಿ" ಎಂದಳು ಅಜ್ಜಿ. "ಅವಳು ಹೇಳದೆ ಹೇಳದೆ, ನನಗೆ ಗೊತ್ತಾದಾಗ ಹೊತ್ತು ಮೀರಿತ್ತು. ಈ ಸಲ ಮೊದಲಿಂದ್ಲೂ ನಾನೇ ನೋಡ್ಕೋತೀನಿ. ನಿನ್ನ ಬೈಯಲ್ಲ. ತಿನ್ನು, ಅಷ್ಟು ಸಾಕು."

ಕೋಳಿ ಸಾರಾಯಿತು. ಮಟೋಕೆಯ ಗುಡ್ಡ ಎದ್ದಿತು. ಬುಕಿರ್ವಾ ಆಸ್ಪತ್ರೆಯ ಮಾತು, ಒತ್ತಡದ ಮಾತು, ಸಕ್ಕರೆಯ ಮಾತು ಎಲ್ಲ ಹೇಳಿದಳು. ರಕ್ತ ಪರೀಕ್ಷೆ ಮಾಡಿಸಿದ್ದೇನೆ, ಆ ಕಾಯಿಲೆ ಇಲ್ಲ ಎಂದೂ ಹೇಳಿದಳು. ಕವೂಮಾ ಸಾಕ್ಷಿ ಹೇಳಿದ. ಅಜ್ಜಿ ಎಲ್ಲಕ್ಕೂ ತಲೆಯಾಡಿಸಿ, "ಆಯ್ತು, ತಿನ್ನು" ಎಂದಳು. ಮೂರು ಸುತ್ತು ಬಟ್ಟೆ ಕಂಡ ಮೇಲೆ ಯಾವ ಮಾತನ್ನು ತಾನೇ ನಂಬಿಯಾಳು. ಮಗಳು ತಟ್ಟೆ ಬಿಟ್ಟರೆ ಅಜ್ಜಿಯೂ ಬಿಡುತ್ತಿದ್ದಳು. ಬುಕಿರ್ವಾ ತಿಂದಳು. ಬೆಳಗಿನ ನಡಿಗೆ ನಿಂತಿತು, ಗುದ್ದಲಿ ಮೂಲೆ ಸೇರಿತು. ಕೆಲವೇ ವಾರಗಳಲ್ಲಿ ತಲೆ ಮತ್ತೆ ಭಾರವಾಯಿತು. ಆಸ್ಪತ್ರೆಗೆ ಹೋದರೆ ನರ್ಸಮ್ಮ ಯಂತ್ರ ನೋಡಿ ಹುಬ್ಬು ಗಂಟಿಕ್ಕಿದಳು. ಅಮ್ಮನ ಮನಸ್ಸು ಉಳಿಸಲು ಹೋದರೆ ತನ್ನ ಜೀವಕ್ಕೆ ಕುತ್ತು, ಜೀವ ಉಳಿಸಿಕೊಳ್ಳಲು ಹೋದರೆ ಅಮ್ಮ ಕೊರಗಿ ಸಾಯುತ್ತಾಳೆ. ಬುಕಿರ್ವಾ ಅಂಗಡಿಯಲ್ಲಿ ಕುಳಿತು ಅತ್ತುಬಿಟ್ಟಳು.

ಅಮ್ಮನನ್ನು ಒಪ್ಪಿಸಬಲ್ಲ ಒಂದು ಮಾತು ಅವಳಿಗೆ ಗೊತ್ತಿತ್ತು. ಆದರೆ ಅದು ಅವಳ ಮಾತಲ್ಲ, ನಂತಾಲೆಯದು. ನಂತಾಲೆ ನಂಬಿ ಹೇಳಿದ್ದನ್ನು ಇನ್ನೊಬ್ಬರ ಮುಂದೆ ಆಡುವವಳಲ್ಲ ಬುಕಿರ್ವಾ.

ಅಳುವುದನ್ನು ಕಂಡ ನಂತಾಲೆ ತನ್ನ ಟೊಮೆಟೊ ಮೇಲೆ ಗೋಣಿ ಮುಚ್ಚಿದಳು. "ನಡಿ, ನಿಮ್ಮಮ್ಮನ್ನ ನೋಡೋಣ" ಎಂದಳು.

"ಬೇಡ ನಂತಾಲೆ. ಪೇಟೆಗೆಲ್ಲ ಗೊತ್ತಾದ್ರೆ? ನಿನ್ನ ಸೊಪ್ಪು ಯಾರು ತಗೋತಾರೆ?"

"ತಿಳಿದೋರು ತಗೋತಾರೆ. ನಡಿ."

ಅಜ್ಜಿ ಹಿತ್ತಲಲ್ಲಿ ಬಾಳೆಕಾಯಿ ಸಿಪ್ಪೆ ತೆಗೆಯುತ್ತಿದ್ದಳು. ನಂತಾಲೆಯನ್ನು ಕಂಡು ಮುಖ ಅರಳಿತು. "ಬಾ ಮಗಳೇ. ನೋಡು ಬುಕಿರ್ವಾ, ಮೈ ಅಂದ್ರೆ ಹೀಗಿರಬೇಕು. ಕಾಯಿಲೆ ಕಸಾಲೆ ಹತ್ರ ಸುಳಿಯಲ್ಲ."

ನಂತಾಲೆ ಮಂಡಿಯೂರಿ ವಂದಿಸಿ ಅಲ್ಲೇ ಕುಳಿತಳು. ಸೊಂಟಕ್ಕೆ ಸುತ್ತಿದ ಬಟ್ಟೆಯ ಗಂಟಿನಿಂದ ಒಂದು ಸಣ್ಣ ಬಿಳಿ ಡಬ್ಬಿ ತೆಗೆದು ಸಿಪ್ಪೆಗಳ ಪಕ್ಕ ಇಟ್ಟಳು.

"ಇದೇನು?"

"ಮಾತ್ರೆ ಅಮ್ಮ. ದಿನಾ ಒಂದು ನುಂಗ್ತೀನಿ. ನಕಿಬೂಕಾಗೆ ಬಂದಿತ್ತಲ್ಲ, ಆ ಕಾಯಿಲೆದು. ನನ್ನ ಕಿರಿ ಮಗ ಹೊಟ್ಟೇಲಿದ್ದಾಗ ಗೊತ್ತಾಯ್ತು. ಈಗ ಅವನಿಗೆ ಮೀಸೆ ಬಂದಿದೆ."

ಅಜ್ಜಿಯ ಕೈಯ ಚಾಕು ನಿಂತಿತು. ನಂತಾಲೆಯ ದುಂಡು ತೋಳು, ತುಂಬಿದ ಕೆನ್ನೆ ಎಲ್ಲವನ್ನೂ ಮೊದಲ ಸಲ ನೋಡುವಂತೆ ನೋಡಿದಳು. ಬುಕಿರ್ವಾ ಅಮ್ಮನನ್ನೇ ನೋಡುತ್ತಿದ್ದಳು. ಅಮ್ಮ ಹಿಂದಕ್ಕೆ ಸರಿದರೆ ತಾನು ಜನ್ಮದಲ್ಲಿ ಕ್ಷಮಿಸಲಾರೆ ಎಂದುಕೊಂಡಳು.

ಅಜ್ಜಿ ಸರಿಯಲಿಲ್ಲ. "ಆಗ ಇದಿರಲಿಲ್ಲ" ಎಂದಳು, ಡಬ್ಬಿ ನೋಡುತ್ತಾ.

"ಇರಲಿಲ್ಲ ಅಮ್ಮ. ಇದ್ದಿದ್ರೆ ನಕಿಬೂಕಾನೂ ನನ್ನ ಹಾಗೇ ಟೊಮೆಟೊ ಮಾರ್ಕೊಂಡು, ಗಂಡನ್ನ ಬೈಕೊಂಡು ಇರ್ತಿದ್ಲು."

ಅಜ್ಜಿ ಅತ್ತಳು. ಅಳು ಇಳಿಯುವವರೆಗೆ ನಂತಾಲೆ ಅವಳ ಬೆನ್ನು ಸವರಿದಳು.

"ಕಾಯಿಲೆ ಇರೋಳು ನಾನು ದಪ್ಪಗಿದ್ದೀನಿ, ಇಲ್ಲದೋಳು ನಿಮ್ಮ ಮಗಳು ತೆಳ್ಳಗಾಗಿದ್ದಾಳೆ. ಅವಳ ಶತ್ರು ಬೇರೆ ಅಮ್ಮ. ಒತ್ತಡ, ಸಕ್ಕರೆ. ಅದು ದಪ್ಪ ಮೈಯೊಳಗೆ ಸದ್ದಿಲ್ಲದೆ ಕೂತಿರ್ತದೆ. ನೀವು ಪ್ರೀತಿಯಿಂದ ಹಾಕೋ ಒಂದೊಂದು ಮುದ್ದೇನೂ ಅದಕ್ಕೇ ಹೋಗ್ತಿದೆ."

ಅಜ್ಜಿ ಬಾಳೆಕಾಯಿ ಸಿಪ್ಪೆಯನ್ನು ಬೆರಳಿಗೆ ಸುತ್ತಿಕೊಂಡಳು. "ಹಾಗಾದ್ರೆ ಮಕ್ಕಳ ಮುಖ ನೋಡಿ ತಾಯಿ ಹೇಗೆ ತಿಳ್ಕೋಬೇಕು?"

"ಮುಖ ನೋಡಿ ತಿಳಿಯಲ್ಲ ಅಮ್ಮ. ಕೇಳ್ಬೇಕು. ಅವಳು ಹೇಳ್ಬೇಕು." ನಂತಾಲೆ ಬುಕಿರ್ವಾಳ ಕಡೆ ತಿರುಗಿದಳು. "ತಪ್ಪು ನಿಂದೂ ಇದೆ ನ್ಯಾಬೋ. ಬಟ್ಟೆ ಸುತ್ತಿದ್ದು ನೀನು."

ಬುಕಿರ್ವಾ ತಾಯಿಯ ಮುಂದೆ ಮಂಡಿಯೂರಿದಳು. "ನಿನ್ನ ಹೆದರಿಸಬಾರದು ಅಂತ ಬಚ್ಚಿಟ್ಟೆ ಅಮ್ಮ. ಬಚ್ಚಿಟ್ಟೇ ಹೆದರಿಸಿದೆ. ಇನ್ನು ಏನಾದ್ರೂ ನಿನಗೇ ಮೊದಲು ಹೇಳ್ತೀನಿ."

ಮಾತಿನಿಂದ ಅರ್ಧ ಒಪ್ಪಿದ ಅಜ್ಜಿ ಮರುದಿನ ಬೆಳಿಗ್ಗೆ ಕಣ್ಣಾರೆ ನೋಡಲು ಹೊರಟಳು. ಮಗಳು ತುಂಬಿದ ನೀರಿನ ಕ್ಯಾನು ಹಿಡಿದು ಬಾವಿಯಿಂದ ದಿಬ್ಬ ಹತ್ತಿದಳು. ಕೆಲವು ವಾರ ಕುಳಿತೇ ಕಳೆದುದರಿಂದ ನಡುವೆ ಒಮ್ಮೆ ಕ್ಯಾನು ಇಳಿಸಿ ಕೈ ಬದಲಿಸಿಕೊಂಡಳು. ಮೇಲೆ ಬಂದು ನಿಂತಾಗ ಹಣೆಯಲ್ಲಿ ಬೆವರಿತ್ತು, ಮುಖದಲ್ಲಿ ನಗು. ಅಜ್ಜಿ ಅವಳ ಎದೆಯ ಮೇಲೆ ಅಂಗೈಯಿಟ್ಟು ನೋಡಿದಳು.

"ನಿಮ್ಮಕ್ಕ ಬಾಗಿಲವರೆಗೆ ನಡೆಯೋಕೂ ಗೋಡೆ ಹಿಡ್ಕೋತಿದ್ಲು" ಎಂದಳು. ಮತ್ತೆ ಆ ಮಾತು ಎತ್ತಲಿಲ್ಲ.

ಆಸ್ಪತ್ರೆಗೂ ಜೊತೆಯಲ್ಲೇ ಹೋದಳು. ನರ್ಸಮ್ಮ ಹೇಳಿದ್ದನ್ನೆಲ್ಲ ತಾನೇ ಕೇಳಿಸಿಕೊಂಡಳು. ಎಣ್ಣೆಯ ವಿಚಾರದಲ್ಲಿ ಸ್ವಲ್ಪ ಜಗಳವಾಡಿ ಕೊನೆಗೆ ಸೋತಳು. ಅಂದಿನಿಂದ ಬಾಳೆಲೆ ಬಿಚ್ಚಿ ಮಗಳಿಗೆ ಅರ್ಧ ಮುದ್ದೆ ಹಾಕುವ ಕೈಯೂ ಅವಳದೇ ಆಯಿತು. ಕವೂಮಾ ಇನ್ನೊಂಚೂರು ಕೇಳಿದರೆ, "ನಿನ್ನ ಹೊಟ್ಟೆ ಸ್ಟೇರಿಂಗಿಗೆ ತಾಗ್ತಿದೆಯಂತೆ" ಎಂದು ಅವನ ತಟ್ಟೆಗೂ ಸೊಪ್ಪು ಸುರಿದಳು.

ತನ್ನ ಮನೆಗೆ ಹೊರಟ ದಿನ ಅಜ್ಜಿ ಚಾಪೆ ಸುತ್ತಿಕೊಂಡಳು. ಬೇಸಿನ್ ಒಯ್ಯಲಿಲ್ಲ. ಬುಕಿರ್ವಾ ಹಿತ್ತಲಿಗೆ ಹೋಗಿ ನೋಡಿದರೆ ಅದರ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಮಣ್ಣು ತುಂಬಿ, ನಕಾಟಿ ಸೊಪ್ಪಿನ ಬೀಜ ಚೆಲ್ಲಿದ್ದಳು. ಹಸಿರು ಮೊಳಕೆ ಆಗಲೇ ತಲೆಯೆತ್ತಿತ್ತು. ಬುಕಿರ್ವಾ ಅದರ ಪಕ್ಕ ಕುಳಿತು ನೀರು ಹನಿಸಿದಳು.

ಕೆಂಬಾಬಾಜಿಯ ಮದುವೆಯ ದಿನ ಪಟ್ಟಿ ಕಟ್ಟಿದವಳು ಮತ್ತೆ ಅಜ್ಜಿಯೇ. ಒಳಗೆ ಒಂದೇ ಒಂದು ಕಿಕೋಯಿ ಇತ್ತು. ಪಟ್ಟಿಯ ತುದಿಗಳು ಮುಂಚಿಗಿಂತ ಉದ್ದಕ್ಕೆ ಇಳಿಬಿದ್ದವು. ಚಪ್ಪರದಲ್ಲಿ ಹೆಂಗಸೊಬ್ಬಳು ಅಜ್ಜಿಯ ಕಿವಿಯಲ್ಲಿ, "ಮಗಳು ಇಳಿದುಹೋಗಿದ್ದಾಳಲ್ಲ, ಹುಷಾರಿಲ್ವಾ?" ಎಂದು ಪಿಸುಗುಟ್ಟಿದಳು.

"ಹುಷಾರಾಗಿದ್ದಾಳೆ, ಅದಕ್ಕೇ ಇಳಿದಿದ್ದಾಳೆ" ಎಂದಳು ಅಜ್ಜಿ, ಎಲ್ಲರಿಗೂ ಕೇಳುವಂತೆ. "ನೀನು ಒತ್ತಡ ನೋಡಿಸ್ಕೊಂಡು ಎಷ್ಟು ದಿನ ಆಯ್ತು?"

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಅಜ್ಜಿ ಕೇಳಿದ್ದು ನಿಮ್ಮನ್ನೂ ಹೌದು. ನಲವತ್ತು ದಾಟಿದ್ದರೆ ಹತ್ತಿರದ ಆಸ್ಪತ್ರೆಗೆ ಹೋಗಿ ರಕ್ತದೊತ್ತಡ, ಸಕ್ಕರೆ ನೋಡಿಸಿಕೊಳ್ಳಿ. ಕೊಟ್ಟ ಮಾತ್ರೆಯನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ತಟ್ಟೆಯಲ್ಲಿ ಸೊಪ್ಪು ತರಕಾರಿಗೆ ಜಾಗ ಮಾಡಿ, ಸಕ್ಕರೆ ಎಣ್ಣೆ ಇಳಿಸಿ, ದಿನವೂ ಬಿರುಸಾಗಿ ನಡೆಯಿರಿ, ಕೈಗೆ ಕೆಲಸ ಕೊಡಿ. ಮೈ ನಿಧಾನವಾಗಿಯೇ ಇಳಿಯಲಿ, ಅವಸರ ಬೇಡ. ನೀವು ಏನೂ ಮಾಡದೆ ತಾನಾಗಿಯೇ ತೂಕ ಇಳಿಯುತ್ತಿದ್ದರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಿ. ಯಾವ ಕಾಯಿಲೆಯಾದರೂ ಸರಿ, ಈಗ ದಾರಿಗಳಿವೆ. ತೆಳ್ಳಗಿರುವವರನ್ನು ಕಂಡು ಗುಸುಗುಸು ಮಾಡಬೇಡಿ, ದಪ್ಪಗಿರುವವರನ್ನು ಕಂಡು ನಿಶ್ಚಿಂತೆಯಿಂದಲೂ ಇರಬೇಡಿ.

ಮತ್ತೆ, ಇವತ್ತು ಮನೆಗೆ ಹೋದ ಕೂಡಲೇ ನಿಮಗೆ ಬಡಿಸುವವರ ಪಕ್ಕ ಕುಳಿತು ವೈದ್ಯರು ಏನು ಹೇಳಿದರು ಎಂದು ಹೇಳಿ. ನಿಮ್ಮ ಹೆದರಿಕೆಯನ್ನೂ ಹೇಳಿ. ಆಮೇಲೆ ತಟ್ಟೆ ಹಾಕಿಕೊಳ್ಳಿ.